ಎರಡು ಕಪ್ಪು ಕಲ್ಲು, ಒಂದು ತಾಮ್ರದ ತಂಬಿಗೆ

ಕಳೆದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ತಂಬಿಗೆ ತರಲು ನಾಸಿಕದ ಭಾಂಡಿ ಬಾಜಾರಿಗೆ ಹೋಗಿದ್ದೆ. ಮರಾಠಿಯಲ್ಲಿ ತಂಬಿಗೆಗೆ 'ತಾಂಬ್ಯಾ' ಎನ್ನುತ್ತಾರೆ. ಪಾತ್ರೆಯ ಹೆಸರಿನಲ್ಲೇ ತಾಮ್ರ ಇದೆ. ಜೊತೆಗಿದ್ದ ಎಂಟು ವರ್ಷದ ಮಗಳು ಕೇಳಿದಳು, "ಅಮ್ಮಾ, ತಾಮ್ರ ಇಲ್ಲೇ ನೆಲದಲ್ಲಿ ಸಿಗುತ್ತಾ?" ಇಲ್ಲ ಅಂದೆ. "ಹಾಗಾದ್ರೆ ಎಲ್ಲಿ ಸಿಗುತ್ತೆ?" ಅಂದಳು. "ನಿಮ್ಮ ಮುತ್ತಜ್ಜನ ಊರಲ್ಲಿ" ಅಂತ ಹೇಳಿಬಿಟ್ಟೆ. ಆ ಮಾತಿಗೆ ಪೂರ್ತಿ ಉತ್ತರ ಹುಡುಕುತ್ತಾ ಹೋದಾಗ ಬರೆದದ್ದು ಈ ಲೇಖನ.

ಮೊದಲು ನಾವು ಬದುಕುತ್ತಿರುವ ನೆಲದ ವಿಷಯ. ಆಫೀಸಿನ ಕೆಲಸಕ್ಕೆ ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಆಗಾಗ ಹೋಗುತ್ತೇನೆ. ದಾರಿಯುದ್ದಕ್ಕೂ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಇದು. ನಮ್ಮ ರಾಷ್ಟ್ರಕೂಟರು ಎಲ್ಲೋರದ ಕೈಲಾಸ ದೇವಾಲಯ ಕೊರೆಸಿದ್ದೂ ಇದೇ ಕಲ್ಲಿನಲ್ಲಿ. ಆದರೆ ಗಣಿ ತೋಡುವಷ್ಟು ತಾಮ್ರ ಇದರಲ್ಲಿಲ್ಲ.

ಆಶ್ಚರ್ಯವೆಂದರೆ, ತಾಮ್ರವಿಲ್ಲದ ಈ ನೆಲದಲ್ಲಿ ತಾಮ್ರದ ಇತಿಹಾಸ ದಟ್ಟವಾಗಿದೆ. ಪ್ರವರಾ ನದಿಯ ದಡದ ಜೋರ್ವೆಯಲ್ಲಿ ಎಚ್.ಡಿ. ಸಾಂಕಳಿಯಾ ಅವರ ತಂಡ 1950-51ರಲ್ಲಿ ಉತ್ಖನನ ನಡೆಸಿತು. ಮೂರು ಸಾವಿರ ವರ್ಷಗಳಷ್ಟು ಹಳೆಯ ಆ ಸಂಸ್ಕೃತಿಯ ಜನ ತಾಮ್ರದ ಚಪ್ಪಟೆ ಕೊಡಲಿ ಬಳಸುತ್ತಿದ್ದರು. ಅದೇ ನದಿಯ ದಡದ ದೈಮಾಬಾದಿನಲ್ಲಿ 1974ರಲ್ಲಿ ಎತ್ತಿನ ರಥ, ಆನೆ, ಖಡ್ಗಮೃಗ, ಕೋಣದ ಲೋಹದ ಬೊಂಬೆಗಳು ಸಿಕ್ಕವು. ಕ್ರಿ.ಶ. ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಬರಹದಲ್ಲಿ ಭರೂಚ್ ಬಂದರಿಗೆ ಹಡಗಿನಲ್ಲಿ ಬರುತ್ತಿದ್ದ ಸರಕಿನ ಪಟ್ಟಿಯಿದೆ. ಅದರಲ್ಲಿ ತಾಮ್ರ, ತವರ, ಸೀಸ ಇವೆ. ನಮ್ಮ ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಅದೇ ಬಂದರಿಗೆ ಸರಕು ಹೋಗುತ್ತಿದ್ದುದನ್ನೂ ಅದು ಹೇಳುತ್ತದೆ. ಅಂದರೆ ಇಲ್ಲಿನವರು ತಾಮ್ರವನ್ನು ಹೊರಗಿನಿಂದ ತರಿಸಿ ಬಳಸುವುದು ಎರಡು ಸಾವಿರ ವರ್ಷಗಳ ಹಳೆಯ ರೂಢಿ.

ಇನ್ನು ನನ್ನ ಊರು, ಚಿತ್ರದುರ್ಗ. ನಾಸಿಕದ ಗುಹೆಗಳಲ್ಲಿ ಶಾಸನ ಬರೆಸಿದ ಶಾತವಾಹನರ ನಾಣ್ಯಗಳು ನಮ್ಮ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಊರಿನ ಹತ್ತಿರವೇ ಇಂಗಳದಾಳ್ ತಾಮ್ರದ ಗಣಿ. ಅಲ್ಲಿನ ಕಲ್ಲೂ ಮೂಲದಲ್ಲಿ ಲಾವಾವೇ! ಆದರೆ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು, ಹರಿದದ್ದು ನೀರಿನೊಳಗೆ. ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಬಂಡೆಗಳಿವೆ. ಬಿಸಿ ಲಾವಾ ನೀರಿನಲ್ಲಿ ಥಟ್ಟನೆ ತಣ್ಣಗಾದಾಗ ಆಗುವ ರೂಪ ಅದು. ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಜಾಗದಲ್ಲಿ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಸುತ್ತಾಡಿ, ಅಲ್ಲಲ್ಲಿ ಚದುರಿದ ತಾಮ್ರವನ್ನು ಕರಗಿಸಿ ತಂದು, ಗಂಧಕದ ಜೊತೆ ಒಂದೆಡೆ ಕೂಡಿಡುತ್ತದೆ ಎನ್ನುವುದು ಭೂವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಇಂಗಳದಾಳಿನಲ್ಲಿ ತಾಮ್ರ ಇದೆಯೆಂದು ಮೊದಲು ಕಂಡವರು ಇಲಾಖೆಯವರಲ್ಲ. ಹೆಸರಿಲ್ಲದ ಪ್ರಾಚೀನರು ಅಲ್ಲಿ ತೋಡಿದ ಗುಂಡಿಗಳಿದ್ದವು. ಆಧುನಿಕ ಹುಡುಕಾಟಕ್ಕೆ ದಾರಿ ತೋರಿಸಿದ್ದು ಅವೇ. 1960ರ ದಶಕದ ಕೊನೆಯ ವರ್ಷಗಳಲ್ಲಿ ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು ಡಾ. ಬಿ.ಪಿ. ರಾಧಾಕೃಷ್ಣ. ಮುಂದೆ ಗಣಿ ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕವಾಯಿತು. ಈಗ ಅಲ್ಲಿ ತಾಮ್ರ ತೆಗೆಯುವುದು ನಿಂತಿದೆ.

ನಮ್ಮ ಅಜ್ಜ ಆ ಗುಡ್ಡಗಳಲ್ಲಿ ಡ್ರಿಲ್ಲಿಂಗ್ ತಂಡದ ಜೊತೆ ಕೂಲಿಗೆ ಇದ್ದವರು. ನೆಲದಿಂದ ಮೇಲೆ ಬರುತ್ತಿದ್ದ ಉದ್ದನೆಯ ಕಲ್ಲಿನ ಕೋಲುಗಳನ್ನು (ಕೋರ್ ಅನ್ನುತ್ತಾರೆ) ಆಳದ ಅಳತೆ ಬರೆದು ಪೆಟ್ಟಿಗೆಯಲ್ಲಿ ಜೋಡಿಸುವುದು ಅವರ ಕೆಲಸ. ಹತ್ತು ಕಡೆ ಕೊರೆದರೆ ಒಂಬತ್ತು ಕಡೆ ಏನೂ ಇರುತ್ತಿರಲಿಲ್ಲವಂತೆ. "ಹಂಗಾದ್ರೆ ಅವನ್ನ ಯಾಕಜ್ಜ ಬರೆದಿಡ್ತಿದ್ರಿ?" ಅಂದರೆ, "ಇಲ್ಲ ಅಂತ ಬರೀದಿದ್ರೆ ಮುಂದೆ ಬಂದೋನು ಅಲ್ಲೇ ತೋಡ್ತಾನೆ ಕಣಮ್ಮಿ" ಅನ್ನುತ್ತಿದ್ದರು.

ದತ್ತಾಂಶದ ಕೆಲಸ ಮಾಡುವ ನನಗೆ ಈಗ ಆ ಮಾತಿನ ಬೆಲೆ ಗೊತ್ತು. ಹಳೆಯ ಗಣಿಯ ಸುತ್ತ ಹುಡುಕುವವರು ಮೊದಲು ಓದುವುದು ಹಿಂದಿನವರು ಬಿಟ್ಟು ಹೋದದ್ದನ್ನು. ಪ್ರಾಚೀನ ಗುಂಡಿಗಳು, ಅದಿರು ಕರಗಿಸಿದ ಕಿಟ್ಟದ ರಾಶಿ, ಹಳೆಯ ನಕ್ಷೆ, ಕೋರ್ ಪೆಟ್ಟಿಗೆ. ಆಮೇಲೆ ಕಲ್ಲಿನ ಮೈ. ತೊಳೆಯದ ತಂಬಿಗೆಗೆ ಹಸಿರು ಕಿಲುಬು ಹಿಡಿಯುವಂತೆ ತಾಮ್ರದ ಅದಿರಿನ ಕಲ್ಲಿಗೂ ಹಸಿರು ಬಣ್ಣ ಬರುತ್ತದೆ. ಸಲ್ಫೈಡ್ ಅದಿರು ಇದ್ದೆಡೆ ಮೇಲ್ಭಾಗ ತುಕ್ಕು ಹಿಡಿದ ಟೋಪಿಯಂತೆ ಕೆಂಪಾಗಿರುತ್ತದೆ. ನಂತರ ಮಣ್ಣಿನ ಮಾದರಿ ತೆಗೆದು ಪರೀಕ್ಷೆ. ಸಲ್ಫೈಡ್ ಅದಿರು ನೆಲದೊಳಗೆ ಸಣ್ಣ ಬ್ಯಾಟರಿಯಂತೆ ವರ್ತಿಸುವುದರಿಂದ ಆ ವಿದ್ಯುತ್ತನ್ನೂ ಅಳೆಯುತ್ತಾರೆ. ಇಷ್ಟೆಲ್ಲ ಸೇರಿ ಹೇಳಿದ ಮೇಲೆಯೇ ಡ್ರಿಲ್ಲಿಂಗ್, ಏಕೆಂದರೆ ಅದೇ ಎಲ್ಲಕ್ಕಿಂತ ದುಬಾರಿ.

ಪಿಯುಸಿ ಮುಗಿದಾಗ ನನಗೆ ಮೈನಿಂಗ್ ಓದುವ ಆಸೆಯಿತ್ತು. "ಹೆಣ್ಣುಮಕ್ಕಳನ್ನು ಗಣಿಯೊಳಗೆ ಬಿಡುವುದಿಲ್ಲ, ಓದಿ ಏನು ಮಾಡ್ತೀಯ?" ಎಂದರು ಮನೆಯ ಹಿರಿಯರು. ಅವರ ಮಾತು ಸುಳ್ಳಾಗಿರಲಿಲ್ಲ. 1952ರ ಗಣಿ ಕಾಯ್ದೆಯ 46ನೇ ಕಲಂ ಹೆಂಗಸರಿಗೆ ನೆಲದಡಿಯ ಕೆಲಸವನ್ನು ನಿಷೇಧಿಸಿತ್ತು. ಆದರೆ ಅವರಿಗೂ ನನಗೂ ಗೊತ್ತಿರದ ಒಂದು ಸಂಗತಿಯಿತ್ತು: ಅದಕ್ಕೂ ಮುಂಚೆ ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಸಾವಿರಾರು ಹೆಂಗಸರು ನೆಲದಡಿ ದುಡಿದಿದ್ದರು. 1937ರಲ್ಲಿ ಅವರನ್ನು ಹೊರಗಿಟ್ಟರು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ 1943ರಲ್ಲಿ ಮತ್ತೆ ಇಳಿಸಿದರು. ಯುದ್ಧ ಮುಗಿದು 1946ಕ್ಕೆ ಮತ್ತೆ ಬಾಗಿಲು ಹಾಕಿದರು. ಹೆಂಗಸರ ಕ್ಷೇಮಕ್ಕೆಂದು ಹೇಳಿದ ನಿಯಮ ಬೇಕಾದಾಗ ಸಡಿಲವಾಗುತ್ತಿತ್ತು. ನಾನು ಕಂಪ್ಯೂಟರ್ ಸೈನ್ಸ್ ಸೇರಿದೆ, ಎಂ.ಟೆಕ್. ಮಾಡಿದೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಲ್ಲಿ ಹೆಂಗಸರು ಲಿಖಿತ ಒಪ್ಪಿಗೆ ಕೊಟ್ಟು ನೆಲದಡಿ ಕೆಲಸ ಮಾಡಲು ಅವಕಾಶ ಕೊಟ್ಟಿತು. 2023ರಲ್ಲಿ ಪ್ರಕಟವಾದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಇದೆ. ವಿದ್ಯುತ್ ಕಾರು, ಗಾಳಿಯಂತ್ರ, ಸೋಲಾರ್ ಎಲ್ಲಕ್ಕೂ ತಾಮ್ರ ಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವೂ ಆನ್‌ಲೈನಿನಲ್ಲಿ ತೆರೆಯಿತು. ಹಳೆಯ ಗಣಿಗಳ ಸುತ್ತ ಹೊಸದಾಗಿ ಹುಡುಕುವ ಕಾಲ ಬಂದಿದೆ. ಹುಡುಕುವುದಾದರೆ ಅದಿರಿನ ಜೊತೆಗೆ ಗಣಿಯ ಹಿಂದೆ ಉಳಿದ ಪುಡಿಮಣ್ಣಿನ ದಿಬ್ಬಗಳನ್ನೂ ಸುತ್ತಲಿನ ಬಾವಿಗಳ ನೀರನ್ನೂ ಪರೀಕ್ಷಿಸಲಿ, ಸಿಕ್ಕದ್ದನ್ನೂ ಸಿಗದಿದ್ದನ್ನೂ ಬರೆದಿಡಲಿ. ಬಾವಿ ನೀರು ಹೊರುವವರು ಹೆಂಗಸರೇ ಅಲ್ಲವೇ?

ಹಬ್ಬದ ಹಿಂದಿನ ರಾತ್ರಿ ಮಗಳು ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕಿದಳು. ಪಕ್ಕದಲ್ಲಿ ಅಜ್ಜ ಕೊಟ್ಟಿದ್ದ ಗೇಣುದ್ದದ ಕೋರ್ ತುಂಡನ್ನು ಇಟ್ಟೆ. ಅದರ ಬೂದು ಮೈಯಲ್ಲಿ ಹಿತ್ತಾಳೆ ಬಣ್ಣದ ಎಳೆಯೊಂದಿದೆ. "ಇದೇನಾ ತಾಮ್ರ? ನಾನೂ ಇಳಿದು ನೋಡಬಹುದಾ?" ಎಂದಳು.

ಈ ಸಲ ಇಲ್ಲ ಎನ್ನಬೇಕಾಗಿರಲಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಮೊದಲು ಮರಡಿಹಳ್ಳಿಯ ಕಲ್ಲಿನ ದಿಂಬು ತೋರಿಸುತ್ತೇನೆ ಎಂದಿದ್ದೇನೆ.