ಕರೆ ಬಾರದ ತಂಡ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಆ ಆಟದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡಿದ್ದು 1951ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ. ಜೆಸ್ಯೂಟ್ ಪಾದ್ರಿಗಳ ಸಣ್ಣ ಸಂಸ್ಥೆ ಅದು. ಜೋ ಕುಹಾರಿಚ್ ತರಬೇತುದಾರ. ಆ ವರ್ಷ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದರು. ಆಲಿ ಮ್ಯಾಟ್ಸನ್ ಚೆಂಡು ಹಿಡಿದು ಓಡಿದ್ದು 1,566 ಗಜ. ದೇಶಕ್ಕೇ ಅವನು ಮೊದಲಿಗ.

ಹೀಗೆ ಗೆದ್ದವರನ್ನು ವರ್ಷದ ಕೊನೆಗೆ 'ಬೌಲ್' ಪಂದ್ಯಗಳಿಗೆ ಕರೆಯುವುದು ವಾಡಿಕೆ. ಅದರಿಂದ ಹಣವೂ ಬರುತ್ತದೆ. ಫುಟ್‌ಬಾಲಿನಿಂದ ನಷ್ಟದಲ್ಲಿದ್ದ ಕಾಲೇಜಿಗೆ ಅದು ಅಳಿವು ಉಳಿವಿನ ಮಾತು. ಆದರೆ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಕಪ್ಪು ಜನಾಂಗದವರು. ಅವರಿಬ್ಬರನ್ನು ಬಿಟ್ಟು ಬಂದರೆ ದಕ್ಷಿಣದಲ್ಲಿ ಆಡಬಹುದೆಂಬ ಸೂಚನೆ ಬಂದಿತ್ತೆಂದು ಆಟಗಾರರೇ ಮುಂದೆ ಹೇಳಿದ್ದಾರೆ. ತಂಡ ಒಲ್ಲೆನೆಂದಿತು. ಕರೆ ಬರಲಿಲ್ಲ, ಋತು ಮುಗಿದೊಡನೆ ಕಾಲೇಜು ಫುಟ್‌ಬಾಲನ್ನೇ ಕೈಬಿಟ್ಟಿತು. ಇಪ್ಪತ್ತರ ಆಸುಪಾಸಿನ ಹುಡುಗರು ತೆತ್ತ ಬೆಲೆ ಇದು ಎಂಬುದನ್ನು ನಾನು ಮರೆಯಲಾರೆ.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಓಟದಲ್ಲಿ ಎರಡು ಪದಕ ತಂದ. ಟೋಲರನ ಆಟ ಅದೇ ವರ್ಷ ಮೊಣಕಾಲಿನ ಪೆಟ್ಟಿನಿಂದ ಮುಗಿಯಿತು. 1965ರಲ್ಲಿ ಅವನು ವೃತ್ತಿಪರ ಲೀಗಿನ ಮೈದಾನಕ್ಕಿಳಿದದ್ದು ತೀರ್ಪುಗಾರನಾಗಿ. ಅಲ್ಲಿನ ಮೊದಲ ಕಪ್ಪು ತೀರ್ಪುಗಾರ ಅವನೇ.