ಕತ್ತಿಯ ಹದ, ಮುದ್ರೆಯ ಮಾತು

18ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ವಿಡಂಬನೆಯ ಪದ್ಯವೊಂದು ಹೆಸರು ಮಾಡಿತ್ತು. 'ಪೀಟರ್ ಪಿಂಡಾರ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾನ್ ವುಲ್ಕಾಟ್ ಅದರ ಕರ್ತೃ. ಹಳ್ಳಿಗನೊಬ್ಬ ಸಂತೆಯಲ್ಲಿ 18 ಪೆನ್ಸ್ ಕೊಟ್ಟು 12 ಕ್ಷೌರದ ಕತ್ತಿ ಕೊಳ್ಳುತ್ತಾನೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ, ಮನೆಗೆ ಬಂದು ಮುಖಕ್ಕೆ ಸೋಪು ಹಚ್ಚಿ ಕುಳಿತರೆ ಒಂದು ಕತ್ತಿಯೂ ನೆಟ್ಟಗೆ ಕೂದಲು ತೆಗೆಯುವುದಿಲ್ಲ. ಉರಿಯುವ ಕೆನ್ನೆ ಹೊತ್ತು ವ್ಯಾಪಾರಿಯನ್ನು ಹುಡುಕಿ ಜಗಳ ತೆಗೆದರೆ, ಅವು ಕ್ಷೌರಕ್ಕೆಂದು ಮಾಡಿದವಲ್ಲ, ಮಾರುವುದಕ್ಕೆಂದು ಮಾಡಿದವು ಎಂಬ ಉತ್ತರ ಸಿಗುತ್ತದೆ.

ಓದಿದವರು ನಕ್ಕರು. ಆದರೆ ಆ ನಗೆಯ ಹಿಂದೆ ಅನೇಕರ ಅನುಭವವಿತ್ತು. ಮೊಂಡು ಕುಡುಗೋಲಿನಿಂದಲೂ ಹೇಗೋ ಹುಲ್ಲು ಕೊಯ್ಯಬಹುದು. ಮೊಂಡು ಕ್ಷೌರದ ಕತ್ತಿಯನ್ನು ಸಹಿಸುವುದು ಸಾಧ್ಯವಿಲ್ಲ. ಅಂಗಡಿಯಲ್ಲಿ ಒಳ್ಳೆಯ ಕತ್ತಿಯೂ ಕೆಟ್ಟ ಕತ್ತಿಯೂ ಒಂದೇ ರೀತಿ ಹೊಳೆಯುತ್ತಿದ್ದವು. ಕೊಳ್ಳುವವನ ಸಂಕಟವೆಲ್ಲ ಇದ್ದದ್ದು ಇಲ್ಲಿಯೇ.

ಕಣ್ಣಿಗೆ ಕಾಣದ ಗುಣ

ಕತ್ತಿಯ ಗುಣ ನಿಂತಿರುವುದು ಅದರ ಹದದ ಮೇಲೆ. ಕಮ್ಮಾರ ಉಕ್ಕನ್ನು ಬಡಿದು ಅಲಗು ಮಾಡಿ, ಕೆಂಪಗೆ ಕಾಯಿಸಿ, ನೀರಿನಲ್ಲೋ ಎಣ್ಣೆಯಲ್ಲೋ ಅದ್ದುತ್ತಾನೆ. ಆಗ ಅದು ಗಾಜಿನಂತೆ ಗಡುಸಾಗುತ್ತದೆ. ಅಷ್ಟೇ ಪೆಡಸೂ ಆಗುತ್ತದೆ. ಆಮೇಲೆ ಮೈಮೇಲೆ ತಿಳಿಹುಲ್ಲಿನ ಬಣ್ಣ ಬರುವವರೆಗೆ ಹಗುರವಾಗಿ ಮತ್ತೆ ಕಾಯಿಸಿ ಆ ಪೆಡಸನ್ನು ಇಳಿಸಬೇಕು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಇದೆಲ್ಲ ಕಣ್ಣಳತೆಯ ಕೆಲಸ. ಹೀಗೆ ಮತ್ತೆ ಕಾಯಿಸುವಾಗ ಕಾವು ಕಡಿಮೆಯಾದರೆ ಕತ್ತಿಯ ಬಾಯಿ ಪುಡಿಪುಡಿಯಾಗಿ ಉದುರುತ್ತದೆ. ಹೆಚ್ಚಾದರೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಅದ್ದುವಾಗ ಅಲಗು ತುಸು ಸೊಟ್ಟಗಾಗುವುದೂ ಉಂಟು. ಸಾಣೆಚಕ್ರಕ್ಕೆ ಅವಸರದಲ್ಲಿ ಒತ್ತಿದರೆ ತೆಳುವಾದ ಅಂಚು ಬಿಸಿಯಾಗಿ, ಕೊಟ್ಟ ಹದವೇ ಹೋಗಿಬಿಡುತ್ತದೆ. ಒಬ್ಬನೇ ಕಮ್ಮಾರ ಒಂದೇ ದಿನ ಮಾಡಿದ ಎರಡು ಕತ್ತಿಗಳ ಗುಣ ಬೇರೆಬೇರೆಯಾಗಲು ಇಷ್ಟು ಸಾಕು.

ಉಕ್ಕೇ ಏಕರೂಪವಾಗಿಲ್ಲದಿದ್ದರೆ ಹದ ಕೊಟ್ಟೂ ಪ್ರಯೋಜನವಿಲ್ಲ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ಇದಕ್ಕೊಂದು ದಾರಿ ಕಂಡುಕೊಂಡ. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತ ಆತ, ಶೆಫೀಲ್ಡ್ ಪಟ್ಟಣದ ಬಳಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿಟ್ಟು ಪೂರ್ತಿ ಕರಗಿಸಿ ಎರಕ ಹೊಯ್ದ. ಶೆಫೀಲ್ಡಿನ ಕ್ಷೌರದ ಕತ್ತಿಗಳು ಜಗತ್ತಿನಲ್ಲೆಲ್ಲ ಹೆಸರಾಗಲು ಈ ಉಕ್ಕು ಮುಖ್ಯ ಕಾರಣ.

ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತಕ್ಕೆ ಹೊಸದಾಗಿರಲಿಲ್ಲ. ಇಲ್ಲಿಯ ಉಕ್ಕನ್ನು ಯೂರೋಪಿನವರು 'ವೂಟ್ಸ್' ಎಂದು ಕರೆದರು. ಕನ್ನಡದ 'ಉಕ್ಕು' ಎಂಬ ಮಾತೇ ಹೀಗೆ ರೂಪಾಂತರಗೊಂಡಿತೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಇಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳನ್ನು ಮೂಸೆಯಲ್ಲಿಟ್ಟು ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟ. ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಮುಂಬಯಿಯಿಂದ ಹೋದ ವೂಟ್ಸ್‌ನ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚರ್ಚೆಯ ವಸ್ತುವಾಗಿದ್ದವು. ಲಂಡನ್ನಿನಲ್ಲಿ ಕತ್ತಿ ಮತ್ತು ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಅದನ್ನು ಬಳಸಿ ನೋಡಿದ. ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಉಕ್ಕೇ ತನಗೆ ಮೆಚ್ಚಿಗೆ ಎಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ.

ಆದರೆ ವೂಟ್ಸ್ ಬಳಸುವುದು ಸುಲಭವಾಗಿರಲಿಲ್ಲ. ಇಂಗಾಲದ ಅಂಶ ಹೆಚ್ಚಾಗಿದ್ದ ಅದು ಕಾವು ತುಸು ಮೀರಿದರೂ ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತಿತ್ತು. ಅದರ ಗುಟ್ಟು ತಿಳಿಯಲು ಸ್ಟೋಡಾರ್ಟ್ ಜೊತೆಗೂಡಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಸಂಶೋಧನೆಗಳಿಂದ ಮುಂದೆ ಲೋಕವಿಖ್ಯಾತನಾದ ಈತ 1819ರ ಸುಮಾರಿಗೆ ವೂಟ್ಸನ್ನು ವಿಶ್ಲೇಷಿಸಿದ. ನಂತರ ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂಗಳನ್ನು ಬೆರೆಸಿ ನೋಡಿ, 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೀಗೆ ತಯಾರಾದ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಟ್ಟದ್ದುಂಟು.

ಮುದ್ರೆಗೆ ಬಂದ ಬೆಲೆ

ಸಾಮಾನ್ಯ ಗಿರಾಕಿಗೆ ಮೂಸೆಯ ವಿಚಾರ ತಿಳಿಯುವುದು ಹೇಗೆ? ಕರ್ನಾಟಕದ ಹಳ್ಳಿಗಳ ಆಯಗಾರರಲ್ಲಿ ಕಮ್ಮಾರನೂ ಇದ್ದ, ಕ್ಷೌರಿಕನೂ ಇದ್ದ. ಇಬ್ಬರೂ ಸುಗ್ಗಿಯಲ್ಲಿ ಅದೇ ಕಣದಿಂದ ಆಯ ಪಡೆಯುವವರು. ಹೀಗೆ ಮಾಡುವವನೂ ಬಳಸುವವನೂ ಒಂದೇ ಊರಿನಲ್ಲಿರುವಾಗ ಹತಾರಕ್ಕೆ ಮುದ್ರೆ ಬೇಡ. ಕೆಟ್ಟರೆ ಕುಲುಮೆಯ ಮುಂದೆ ಹೋಗಿ ಕೇಳಬಹುದು. ಶೆಫೀಲ್ಡಿನ ಕತ್ತಿ ಹಡಗು ಹತ್ತಿ ಅಮೆರಿಕಕ್ಕೋ ಭಾರತಕ್ಕೋ ಬಂದರೆ ಕೇಳುವುದು ಯಾರನ್ನು? ಅಲ್ಲಿ ಗಿರಾಕಿಗೆ ಉಳಿದ ಆಧಾರ ಅಲಗಿನ ಬುಡದ ಮುದ್ರೆಯೊಂದೇ.

ಹಾಗಾಗಿ ಮುದ್ರೆಗೂ ಬೆಲೆ ಬಂತು. ಶೆಫೀಲ್ಡ್ ಸೀಮೆಯ ಕತ್ತಿ ಕಸುಬಿನವರ ಸಂಘ 1624ರಲ್ಲೇ ಪಾರ್ಲಿಮೆಂಟಿನ ಕಾನೂನಿನ ಮೂಲಕ ಸ್ಥಾಪನೆಯಾಗಿ, ಸದಸ್ಯರ ಗುರುತುಗಳನ್ನು ದಾಖಲು ಮಾಡುತ್ತಿತ್ತು. 1814ರಲ್ಲಿ ಸಂಘದ ಹಿಡಿತ ಸಡಿಲಿಸಿ ಕಸುಬನ್ನು ಎಲ್ಲರಿಗೂ ತೆರೆದದ್ದೇ ತಡ, ಅಚ್ಚಿನಲ್ಲಿ ಎರಕ ಹೊಯ್ದ ಕಳಪೆ ಸಾಮಾನುಗಳ ಕಾಟ ದೊಡ್ಡದಾಯಿತು. ಬಡಿದು ಮಾಡಿದ ಸಾಮಾನಿಗೆ ಮಾತ್ರ ಸುತ್ತಿಗೆಯ ಚಿಹ್ನೆ ಹಾಕಬೇಕೆಂದು 1819ರಲ್ಲಿ ಕಾನೂನು ಮಾಡಬೇಕಾಯಿತು. ಶತಮಾನದ ಕೊನೆಗೆ ಜರ್ಮನಿಯ ಕೆಲವರು ತಮ್ಮ ಮಾಲಿಗೆ ಶೆಫೀಲ್ಡಿನ ಹೆಸರು ಒತ್ತುತ್ತಿದ್ದಾರೆಂಬ ದೂರು ಎದ್ದಿತು. 1887ರ ಸರಕು ಮುದ್ರೆಗಳ ಕಾನೂನಿಗೆ ಅದೂ ಒಂದು ಕಾರಣ. ಜರ್ಮನಿಯ ಕತ್ತಿಗಳ ಊರಾದ ಸೋಲಿಂಗೆನ್ನಿಗೂ ಮುಂದೆ ಅದೇ ಪಾಡು ಬಂತು. ಆ ಹೆಸರಿನ ದುರ್ಬಳಕೆ ತಡೆಯಲು 1938ರಲ್ಲಿ ಅಲ್ಲಿಯೂ ಪ್ರತ್ಯೇಕ ಕಾನೂನೇ ಬಂತು.

ಕಲ್ಲಿನ ತೀರ್ಪು

ಮುದ್ರೆ ಸುಳ್ಳು ಹೇಳಬಹುದು, ಮಸೆಯುವ ಕಲ್ಲು ಹೇಳುವುದಿಲ್ಲ. ಕ್ಷೌರದ ಕತ್ತಿಯ ಬೆನ್ನು ದಪ್ಪಗಿರುವುದು ಅಂದಕ್ಕಲ್ಲ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಸೆದಾಗ ಅಂಚಿನ ಕೋನವನ್ನು ಬೆನ್ನೇ ನಿರ್ಧರಿಸುತ್ತದೆ. ಕೋನ 20 ಡಿಗ್ರಿಗಿಂತ ಕಡಿಮೆ ಇದ್ದರೆ ಚೆನ್ನ. ಅಲಗು ಸೊಟ್ಟಗಿದ್ದರೆ ಬಾಯಿಯ ಒಂದು ಭಾಗ ಕಲ್ಲಿಗೆ ತಾಗುತ್ತದೆ, ಇನ್ನೊಂದು ತಾಗುವುದೇ ಇಲ್ಲ. ಹದ ತಪ್ಪಿದ ಉಕ್ಕಾದರೆ ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ.

ಆದ್ದರಿಂದ ಕತ್ತಿಯ ಕೊನೆಯ ಪರೀಕ್ಷಕ ಕ್ಷೌರಿಕನೇ ಆಗಿದ್ದ. ನೀರು ಹಾಕಿದ ಕಲ್ಲಿನ ಮೇಲೆ ಬಾಯಿ ಮುಂದಾಗಿ ಮಸೆದು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದು, ಕತ್ತಿಯ ಗುಣವನ್ನು ಆತ ಬೆರಳಿನಿಂದಲೇ ಅಳೆಯುತ್ತಿದ್ದ. ಸಣ್ಣಪುಟ್ಟ ಸೊಟ್ಟನ್ನು ಮಸೆಯುವ ಕೈಯ ಬಳುಕಿನಲ್ಲೇ ಸರಿದೂಗಿಸುತ್ತಿದ್ದ. ತಯಾರಕ ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೀಗೆ ದಿನದಿನವೂ ಪೂರ್ತಿ ಮಾಡುತ್ತಿದ್ದವನು ಆತ. ಅದಕ್ಕೆಂದು ಬೇರೆ ಕೂಲಿ ಸಿಗುತ್ತಿರಲಿಲ್ಲ.

ಈ ಶ್ರಮವನ್ನು ತಪ್ಪಿಸಿದ್ದು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ನ ಬ್ಲೇಡು. ತೆಳು ತಗಡಿಗೆ ಯಂತ್ರದಲ್ಲಿ ಒಂದೇ ಸಮನೆ ಹದ ಕೊಡುವ ಉಪಾಯವನ್ನು ಎಂಜಿನಿಯರ್ ವಿಲಿಯಂ ನಿಕರ್ಸನ್ ಸಾಧಿಸಿದ ಮೇಲೆ 1903ರಲ್ಲಿ ಮಾರಾಟ ಆರಂಭವಾಯಿತು. ಆ ವರ್ಷ ಹೋದದ್ದು 51 ರೇಜರ್, 168 ಬ್ಲೇಡು ಮಾತ್ರ. ಮರುವರ್ಷ ರೇಜರುಗಳ ಸಂಖ್ಯೆ 90 ಸಾವಿರ ದಾಟಿತು. ಮೊಂಡಾದರೆ ಎಸೆಯುವ ಬ್ಲೇಡಿಗೆ ಮಸೆಯುವ ವಿದ್ಯೆ ಬೇಕಿರಲಿಲ್ಲ.

ಭಾರತದ ಕ್ಷೌರದ ಅಂಗಡಿಗಳಲ್ಲಿ ಹಳೆಯ ಕತ್ತಿ ಇನ್ನೂ ಹಲವು ದಶಕ ಉಳಿಯಿತು. 1980ರ ದಶಕದ ನಂತರ ಏಡ್ಸ್ ಭೀತಿ ಹರಡಿದಂತೆ, ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಕೆ ಅದರ ಜಾಗಕ್ಕೆ ಬಂತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಅದರೊಂದಿಗೆ ಕುರ್ಚಿಯ ಪಕ್ಕದ ಚರ್ಮದ ಪಟ್ಟಿಯೂ, ಹಡಪದೊಳಗಿನ ಮಸೆಗಲ್ಲೂ ಮೂಲೆ ಸೇರಿದವು.

ಇಂದು ಹವ್ಯಾಸಕ್ಕಾಗಿ ಹಳೆಯ ಶೆಫೀಲ್ಡ್, ಸೋಲಿಂಗೆನ್ ಕತ್ತಿಗಳನ್ನು ಹುಡುಕಿ ಕೊಳ್ಳುವವರು ಅನೇಕ ದೇಶಗಳಲ್ಲಿದ್ದಾರೆ. ಕತ್ತಿಯ ಆಕಾರವಷ್ಟೇ ಇದ್ದು ಕ್ಷೌರಕ್ಕೆ ಬಾರದ ಹೊಸ ಮಾಲೂ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ತಿಳಿದವರು ಕೊಳ್ಳುವ ಮೊದಲು ಅಲಗನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಅದು ಅಲುಗಾಡುತ್ತದೆಯೇ ಎಂದು ನೋಡುತ್ತಾರೆ. ಬಾಯಿಗೆ ಮಸಿ ಬಳಿದು ಕಲ್ಲಿನ ಮೇಲೆ ಒಮ್ಮೆ ಎಳೆದು, ಎಲ್ಲಿ ಮಸಿ ಉಳಿಯಿತೆಂದು ಪರೀಕ್ಷಿಸುತ್ತಾರೆ. ಮುದ್ರೆಯನ್ನು ಓದುವುದು ಆಮೇಲೆ.