ಸಾರ್ವಜನಿಕ ನೀತಿ ಮತ್ತು ಸಮಾಜ ಸಂಶೋಧನೆ: ಮಂಗಳೂರು ಸೀಮೆಯ ಕೊರಗರ ನಿದರ್ಶನ

ಸಮಾಜವಿಜ್ಞಾನ ಹಾಗೂ ಮಾನವಿಕ ವಿಷಯಗಳ ಸಂಶೋಧನೆ ಸರ್ಕಾರದ ನೀತಿಯನ್ನು ತಿದ್ದಬಲ್ಲದೆ ಎಂಬ ಪ್ರಶ್ನೆಗೆ ಕರ್ನಾಟಕದ ಅನುಭವದಲ್ಲಿ ದೊಡ್ಡ ಉತ್ತರಗಳಿವೆ. ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ರಾಜ್ಯದ ಉದ್ದಗಲಕ್ಕೂ ಸಮೀಕ್ಷೆ ನಡೆಸಿ 1975ರಲ್ಲಿ ಕೊಟ್ಟ ವರದಿ ಮೀಸಲಾತಿಯ ಸ್ವರೂಪವನ್ನೇ ಬದಲಿಸಿತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿದ ಮೇಲೆ ಪ್ರಾದೇಶಿಕ ಅಸಮಾನತೆಯ ಚರ್ಚೆಗೆ ಒಂದು ಅಳತೆ ಸಿಕ್ಕಿತು. ಇವು ಲಕ್ಷಾಂತರ ಜನರನ್ನು ಮುಟ್ಟಿದ ಅಧ್ಯಯನಗಳು. ಆದರೆ ಸಂಶೋಧನೆ ನೀತಿಯೊಳಗೆ ಇಳಿಯುವ ಬಗೆಯನ್ನು, ಇಳಿಯದೆ ನಿಂತುಬಿಡುವ ಬಗೆಯನ್ನೂ, ಹತ್ತಿರದಿಂದ ನೋಡಬೇಕಾದರೆ ಒಂದು ಸಣ್ಣ ಸಮುದಾಯದ ಕಥೆಯೇ ಹೆಚ್ಚು ಕಲಿಸುತ್ತದೆ. ಮಂಗಳೂರು ಮತ್ತು ಸುತ್ತಲಿನ ತುಳುನಾಡಿನಲ್ಲಿ ಚದುರಿಹೋಗಿರುವ ಕೊರಗರದು ಅಂಥ ಕಥೆ. ಸರಾಸರಿಯ ಹಿಂದೆ ಮರೆಯಾದವರನ್ನು ಮುಂದಕ್ಕೆ ತಂದು, ಸರ್ಕಾರ ತನ್ನನ್ನು ತಾನು ಕೇಳಿಕೊಳ್ಳದ ಪ್ರಶ್ನೆಯನ್ನು ಅದರ ಮುಂದಿಡುವುದು ಸಂಶೋಧನೆಯ ಮುಖ್ಯ ಕೆಲಸ. ಆ ಪ್ರಶ್ನೆಗೆ ಬಲ ಬರುವುದು ಅಧ್ಯಯನಕ್ಕೆ ಒಳಗಾದ ಜನರೇ ಅದನ್ನು ಕೈಗೆತ್ತಿಕೊಂಡಾಗ. ಕೊರಗರ ಮೂರು ದಶಕಗಳ ಅನುಭವ ಈ ಮಾತಿಗೆ ಆಧಾರ.

ಮೊದಲು ಸರಾಸರಿಯ ವಿಚಾರ. ಕರ್ನಾಟಕ ಸರ್ಕಾರ 2005ರಲ್ಲಿ ತಂದ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರದ ನಂತರ ದಕ್ಷಿಣ ಕನ್ನಡಕ್ಕೆ ಎರಡನೆಯ, ಉಡುಪಿಗೆ ಮೂರನೆಯ ಸ್ಥಾನ. ಬ್ಯಾಂಕುಗಳು ಹುಟ್ಟಿದ ನೆಲ, ಓಣಿಗೊಂದು ಶಾಲೆ, ಊರಿಗೊಂದು ಆಸ್ಪತ್ರೆ ಎಂಬ ಹೆಮ್ಮೆ ಈ ಅಂಕಿಗಳಲ್ಲಿ ಪ್ರತಿಬಿಂಬಿಸುತ್ತದೆ. ನಂಜುಂಡಪ್ಪ ಸಮಿತಿಯ ಪಟ್ಟಿಯಲ್ಲೂ ಮಂಗಳೂರು ಮುಂದುವರಿದ ತಾಲ್ಲೂಕು. ಇದೇ ಎರಡು ಜಿಲ್ಲೆಗಳಲ್ಲಿ ಬಹುಪಾಲು ನೆಲೆಸಿರುವ ಕೊರಗರ ಸಂಖ್ಯೆ ಮಾತ್ರ 2001ರ ಜನಗಣತಿಯಲ್ಲಿ 16,071 ಇದ್ದದ್ದು 2011ಕ್ಕೆ 14,794ಕ್ಕೆ ಇಳಿಯಿತು. ರಾಜ್ಯದ ಜನಸಂಖ್ಯೆ ಏರುತ್ತಿದ್ದ ಹತ್ತು ವರ್ಷಗಳಲ್ಲಿ ಒಂದು ಇಡೀ ಸಮುದಾಯ ಕುಗ್ಗಿದೆ, ಅದೂ ರಾಜ್ಯದ ಅತ್ಯಂತ ಮುಂದುವರಿದ ಜಿಲ್ಲೆಗಳೆನಿಸಿಕೊಂಡ ಕಡೆ. ತಾಲ್ಲೂಕನ್ನು ಘಟಕವಾಗಿಟ್ಟುಕೊಂಡ ಯಾವ ಸೂಚ್ಯಂಕವೂ ಇದನ್ನು ಹೇಳಲಾರದು. ಅದು ಆ ವರದಿಗಳ ತಪ್ಪಲ್ಲ. ಅವು ಕೇಳಿದ ಪ್ರಶ್ನೆಯೇ ಬೇರೆ. ಆದರೆ ಹಣ ಹಂಚುವವರು ಆ ಸೂಚ್ಯಂಕವೊಂದನ್ನೇ ನಂಬಿದರೆ ಮಂಗಳೂರಿನ ಕೊರಗರ ಕೊಪ್ಪ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರ ಗುರುತಿಸಿರುವುದು ಎರಡನ್ನು ಮಾತ್ರ: ಜೇನುಕುರುಬ ಮತ್ತು ಕೊರಗ. ಈ ವರ್ಗೀಕರಣದ ಬೇರು 1960ರ ದಶಕದ ಆರಂಭದ ಢೇಬರ್ ಆಯೋಗದಲ್ಲಿದೆ. ಬುಡಕಟ್ಟುಗಳೆಲ್ಲ ಒಂದೇ ಸ್ಥಿತಿಯಲ್ಲಿಲ್ಲ, ಅವುಗಳ ಒಳಗೂ ತೀರ ಹಿಂದೆ ಬಿದ್ದವುಗಳಿವೆ ಎಂಬುದು ಆ ಆಯೋಗ ಕಂಡುಕೊಂಡ ಸತ್ಯ. ಜನಸಂಖ್ಯೆ ಕುಗ್ಗುತ್ತಿದೆಯೆ, ಬೇಸಾಯ ಇದೆಯೆ, ಅಕ್ಷರ ಎಷ್ಟರ ಮಟ್ಟಿಗೆ ಮುಟ್ಟಿದೆ ಎಂಬ ಮಾನದಂಡಗಳು ಸಮಾಜವಿಜ್ಞಾನದ ಕೊಡುಗೆ. ಭಾರತದ ಇಂಥ 75 ಸಮುದಾಯಗಳಿಗಾಗಿ 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನ್‌ಮನ್ ಯೋಜನೆ ನಿಂತಿರುವುದೂ ಇದೇ ತಳಹದಿಯ ಮೇಲೆ.

ಅಧ್ಯಯನ ನಡೆದರೆ ಸಾಕು, ನ್ಯಾಯ ತಾನಾಗಿ ಬರುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಕೊರಗರ ಬಗ್ಗೆ ಬರೆಯುವುದು ಬ್ರಿಟಿಷರ ಕಾಲದಲ್ಲೇ ಶುರುವಾಗಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಕೊರಗರ ಮೇಲೆ ವಿಸ್ತಾರವಾದ ಬರಹವಿದೆ. ಸೊಪ್ಪು ಉಡುವವರು ಸೊಪ್ಪು ಕೊರಗರು, ಬೀದಿಯಲ್ಲಿ ಉಗುಳು ಬೀಳದಂತೆ ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿದ್ದವರು ಅಂಡೆ ಕೊರಗರು ಎಂದು ಅಲ್ಲಿ ಒಳಪಂಗಡಗಳ ವಿವರ ಬರುತ್ತದೆ. ಒಂದು ಸಮಾಜ ಇನ್ನೊಬ್ಬರ ಮೈಮೇಲೆ ಹೇರಿದ ಅವಮಾನ ಆ ಬರಹದಲ್ಲಿ ಅವರದೇ ಲಕ್ಷಣವಾಗಿ, ವರ್ಗೀಕರಣದ ಶೀರ್ಷಿಕೆಯಾಗಿ ದಾಖಲಾಯಿತು. ವಿವರ ಸುಳ್ಳಲ್ಲ. ಆದರೆ ಅಂಡೆಯನ್ನು ಕಟ್ಟಿಸಿದವರು ಯಾರು, ಯಾವ ಹಕ್ಕಿನಿಂದ ಎಂಬ ಪ್ರಶ್ನೆ ಅಲ್ಲಿಲ್ಲ. ಹಾಗಾಗಿ ಅದರಿಂದ ಯಾವ ನೀತಿಯೂ ಹುಟ್ಟಲಿಲ್ಲ. ಅದೇ ಬರಹದಲ್ಲಿ ಕೊರಗರು ತಮ್ಮದೆಂದು ಹೇಳಿಕೊಳ್ಳುವ ದೊರೆ ಹುಬಾಶಿಕನ ಐತಿಹ್ಯವೂ ಇದೆ: ತಾವು ಒಮ್ಮೆ ಈ ನೆಲವನ್ನು ಆಳಿದವರು, ಆಮೇಲೆ ಕಾಡಿಗೆ ಅಟ್ಟಲ್ಪಟ್ಟವರು ಎಂಬ ನೆನಪು. ಇತಿಹಾಸಕಾರರು ಇದನ್ನು ಶಾಸನದಂತೆ ನಂಬಬೇಕಿಲ್ಲ. ಆದರೆ ಒಂದು ಸಮುದಾಯ ತಲೆಮಾರುಗಳಿಂದ ಭೂಮಿ ಕಳೆದುಕೊಂಡವರೆಂದೇ ತನ್ನನ್ನು ನೆನೆಸಿಕೊಳ್ಳುತ್ತಿದೆ ಎಂಬುದು ಮಾತ್ರ ಗಟ್ಟಿ ಸತ್ಯ. ಜಾನಪದ ಅಧ್ಯಯನದ ಬೆಲೆ ಇರುವುದು ಇಂಥ ಕಡೆ.

ಭೂಮಿಯ ಪ್ರಶ್ನೆಯನ್ನು ಕರಾವಳಿಯಲ್ಲಿ ಮೊದಲು ತೀಕ್ಷ್ಣವಾಗಿ ಎತ್ತಿದ್ದು ಒಂದು ಕಾದಂಬರಿ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಸ್ವಂತಕ್ಕೆ ಒಂದು ತುಂಡು ಗದ್ದೆ ಬೇಸಾಯ ಮಾಡಬೇಕೆಂಬ ಅಸ್ಪೃಶ್ಯನೊಬ್ಬನ ಆಸೆ ಮತ್ತು ಅದು ಈಡೇರದೆ ಹೋದದ್ದು ಅದರ ವಸ್ತು. ನಾಲ್ಕು ದಶಕಗಳ ನಂತರ ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ತಂದು 1974ರಿಂದ ಉಳುವವನನ್ನೇ ಒಡೆಯನನ್ನಾಗಿ ಮಾಡಹೊರಟಾಗ ದಕ್ಷಿಣ ಕನ್ನಡದಲ್ಲಿ ಅದು ಬೇರೆಡೆಗಿಂತ ಹುರುಪಿನಿಂದ ಜಾರಿಯಾಯಿತು. ಸಾವಿರಾರು ಗೇಣಿ ಕುಟುಂಬಗಳು ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ ಮುಂದೆ ನಿಂತು ಜಮೀನು ಪಡೆದವು. ಅದು ನಿಜಕ್ಕೂ ಒಂದು ಕ್ರಾಂತಿ. ಆದರೆ ಆ ಕಾನೂನು ಹಕ್ಕು ಕೊಟ್ಟದ್ದು ಗೇಣಿದಾರನಿಗೆ. ಕಾಡಿನ ಬೀಳಲು ತಂದು ಬುಟ್ಟಿ ಹೆಣೆಯುವವನ, ಸತ್ತ ದನ ಸಾಗಿಸುವವನ, ಊರ ಕಸ ಗುಡಿಸುವವನ ಹೆಸರಿನಲ್ಲಿ ಗೇಣಿಯೇ ಇರಲಿಲ್ಲ. ಉಳುವ ಅವಕಾಶವನ್ನೇ ಪಡೆಯದವರಿಗೆ ‘ಉಳುವವನೇ ಒಡೆಯ’ ಎಂಬ ಘೋಷಣೆ ಏನು ಕೊಟ್ಟೀತು? ಒಳ್ಳೆಯ ನೀತಿಯೂ ಯಾರನ್ನು ಹೊರಗಿಟ್ಟಿತು ಎಂದು ನೋಡುವುದು ಸಮಾಜ ಸಂಶೋಧನೆಯ ಧರ್ಮ.

ಈ ಪ್ರಶ್ನೆ ಅಧಿಕೃತ ಕಡತಕ್ಕೆ ಬಂದದ್ದು ಬೀದಿಯ ದಾರಿಯಿಂದ. 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಮೆರವಣಿಗೆ ನಡೆಸಿ ತಮ್ಮ ಹಕ್ಕುಗಳನ್ನು ಕೇಳಿದರು. ಅವರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ವರದಿ 1994ರದ್ದು. ಅದರ ಅತ್ಯಂತ ಮುಖ್ಯ ಶಿಫಾರಸು, ಪ್ರತಿಯೊಂದು ಕೊರಗ ಕುಟುಂಬಕ್ಕೂ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂಬುದು. ಅಲ್ಲಿಯವರೆಗೆ ಸರ್ಕಾರ ಈ ಸಮುದಾಯಕ್ಕೆ ಏನಾದರೂ ಮಾಡಬೇಕೆಂದರೆ ಕಂಬಳಿ, ಪಾತ್ರೆ, ಬುಟ್ಟಿ ಹೆಣೆಯುವ ತರಬೇತಿ ಇಂಥವೇ ಹೊಳೆಯುತ್ತಿದ್ದವು. ಬುಟ್ಟಿ ಹೆಣೆಯುವವರಿಗೆ ಇನ್ನೂ ಚೆನ್ನಾಗಿ ಬುಟ್ಟಿ ಹೆಣೆಯಲು ಕಲಿಸುವುದು ಅವರನ್ನು ಇದ್ದಲ್ಲೇ ಇರಿಸುವ ದಾರಿ. ಪೀರ್ ವರದಿ ಕೊರಗರನ್ನು ಕೃಷಿಕರಾಗಬಲ್ಲವರೆಂದು ನೋಡಿತು. ಸಂಶೋಧನೆ ನೀತಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಈ ನೋಟದ ಬದಲಾವಣೆ ಎಂಬುದು ಈ ಲೇಖನದ ನಿಲುವು. ಶಿಫಾರಸು ಪೂರ್ತಿ ಜಾರಿಯಾಗಿಲ್ಲ. ಕೆಲವು ಕುಟುಂಬಗಳಿಗೆ ಭೂಮಿ ಸಿಕ್ಕಿದೆ, ಸಿಕ್ಕಿದ್ದೂ ಅನೇಕ ಕಡೆ ಎರಡೂವರೆ ಎಕರೆಗಿಂತ ಕಡಿಮೆ. ಹಾಗಿದ್ದರೂ ವರದಿ ಸತ್ತಿಲ್ಲ. ಕೊರಗ ಅಭಿವೃದ್ಧಿ ಸಂಘಗಳ ಒಕ್ಕೂಟ ಅದನ್ನು ತನ್ನ ಹಕ್ಕುಪತ್ರದಂತೆ ಹಿಡಿದು ಜಿಲ್ಲಾಧಿಕಾರಿಗಳ ಮುಂದೆ, ಮಂತ್ರಿಗಳ ಮುಂದೆ ಮತ್ತೆ ಮತ್ತೆ ಇಡುತ್ತಿದೆ. ಆಗಸ್ಟ್ 18ನ್ನು ಸಮುದಾಯ ಪ್ರತಿವರ್ಷ ಭೂಮಿ ಹಬ್ಬವಾಗಿ ಆಚರಿಸುತ್ತದೆ. ವಿಧಾನಸೌಧದ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ನೂರಾರು ವರದಿಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದಕ್ಕೆ ವಾರಸುದಾರರಿದ್ದಾರೆ.

ಭೂಮಿಗಿಂತಲೂ ಸೂಕ್ಷ್ಮವಾದದ್ದು ಅಜಲಿನ ವಿಚಾರ. ಮೇಲ್ಜಾತಿಯವರ ಮನೆಯ ಅನಿಷ್ಟವನ್ನು ಕೊರಗರ ಮೈಗೆ ದಾಟಿಸುವುದು ಈ ಪದ್ಧತಿಯ ತಿರುಳು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಆರಂಭವಾಗುವ ಮೊದಲು ಗದ್ದೆಯಲ್ಲಿ ಕೋಣಗಳಂತೆ ಓಡಿಸುವುದು, ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಡೋಲು ಬಾರಿಸಬೇಕೆನ್ನುವ ಕಟ್ಟಳೆ ಎಲ್ಲವೂ ಇದರೊಳಗೆ ಸೇರಿದವು. ಅಸ್ಪೃಶ್ಯತೆಯನ್ನು ಸಂವಿಧಾನವೇ ನಿಷೇಧಿಸಿತ್ತು. 1955ರ ಕಾನೂನು ಇತ್ತು. ಪರಿಶಿಷ್ಟರಿಗೆ ತಿನ್ನಬಾರದ್ದನ್ನು ಬಲವಂತದಿಂದ ತಿನ್ನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧವೇ. ಹಾಗಿದ್ದ ಮೇಲೆ ಕರ್ನಾಟಕ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ಬೇರೆಯಾಗಿ ಏಕೆ ತರಬೇಕಾಯಿತು? ಉತ್ತರ ಬಲವಂತ ಎಂಬ ಒಂದು ಷರತ್ತಿನಲ್ಲಿದೆ. ಅಜಲು ನಡೆಯುತ್ತಿದ್ದುದು ಹೊಡೆದು ಬಡಿದು ಅಲ್ಲ. ಅದು ಊರಿನ ಕಟ್ಟು, ಕೊರಗರ ಕರ್ತವ್ಯ, ದೈವದ ಒಪ್ಪಿಗೆ ಎಂಬ ವೇಷದಲ್ಲಿ. ಕರೆದರೆ ಬರುತ್ತಾರೆ, ಅಕ್ಕಿ ಕಾಯಿ ಪಡೆದು ಹೋಗುತ್ತಾರೆ, ಇದರಲ್ಲಿ ದೌರ್ಜನ್ಯ ಎಲ್ಲಿದೆ ಎಂದು ಕೇಳುವವರಿಗೆ ಸಾಮಾನ್ಯ ಕಾನೂನು ಉತ್ತರ ಕೊಡಲಾರದಾಗಿತ್ತು. 2000ದ ಕಾಯ್ದೆ ಆಚರಣೆಯನ್ನು ಹೆಸರಿಟ್ಟು ಕರೆದು, ಅದರ ಒಂದೊಂದು ರೂಪವನ್ನೂ ವ್ಯಾಖ್ಯೆಯಲ್ಲಿ ಬರೆಯಿತು: ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಕೀಳಾಗಿ ಕಾಣುವುದು, ಅನ್ನಕ್ಕೆ ಕೂದಲು ಉಗುರು ಬೆರೆಸಿ ತಿನ್ನೆಂದು ಹೇಳುವುದು, ಕಂಬಳಕ್ಕೆ ಮೊದಲು ಓಡಿಸುವುದು. ಕಂಬಳದ ಗದ್ದೆಯ ಬದುವಿನಲ್ಲಿ ಏನು ನಡೆಯುತ್ತದೆ ಎಂಬುದು ಬೆಂಗಳೂರಿನ ಕರಡು ಬರೆಯುವ ಮೇಜಿಗೆ ತಾನಾಗಿ ತಿಳಿಯುವಂಥದ್ದಲ್ಲ. ಆಚರಣೆಯ ಒಳಗಿದ್ದು ನೊಂದವರ ಸಾಕ್ಷ್ಯ ಮತ್ತು ಅದನ್ನು ಅರ್ಥಮಾಡಿಕೊಳ್ಳಬಲ್ಲ ಸಂಸ್ಕೃತಿ ಅಧ್ಯಯನ ಇಲ್ಲದೆ ಇಷ್ಟು ಸ್ಪಷ್ಟವಾದ ವ್ಯಾಖ್ಯೆ ಸಾಧ್ಯವಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದೂ ಮಾನವಿಕ ವಿಷಯಗಳ ಒಳಗಿನಿಂದಲೇ ಬರುವಂಥದ್ದು. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾದ ಮೇಲೆ ಕೊಣಾಜೆಯಲ್ಲಿ ಬೆಳೆದ ಜಾನಪದ ಅಧ್ಯಯನದ ಪರಂಪರೆ ದೊಡ್ಡದು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರು ಫಿನ್‌ಲೆಂಡಿನ ಲೌರಿ ಹೋಂಕೊ ಅವರೊಂದಿಗೆ ಕೆಲಸ ಮಾಡಿ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು 1998ರಲ್ಲಿ ಲೋಕಕ್ಕೆ ಕೊಟ್ಟದ್ದು ಇದೇ ಪರಂಪರೆಯ ಫಲ. ಆಚರಣೆಗಳನ್ನು ಪ್ರೀತಿಯಿಂದ ದಾಖಲಿಸಿ ಉಳಿಸುವ ಶಾಸ್ತ್ರವೇ ಅವುಗಳನ್ನು ನಿಷೇಧಿಸುವುದಕ್ಕೆ ಒದಗಬಹುದೆ? ಕೊರಗರ ಡೋಲು ನಿಂತುಹೋದರೆ ತುಳುನಾಡಿನ ಸಂಸ್ಕೃತಿಯ ಒಂದು ಭಾಗವೇ ಹೋದಂತಲ್ಲವೆ? ಆಕ್ಷೇಪ ಹುರುಳಿಲ್ಲದ್ದಲ್ಲ, ಆದರೆ ಎರಡು ಬೇರೆ ಸಂಗತಿಗಳನ್ನು ಒಂದಾಗಿ ಕಾಣುತ್ತದೆ. ಡೋಲು ಕೊರಗರದ್ದು, ಅದನ್ನು ಯಾರ ಅಂಗಳದಲ್ಲಿ, ಯಾರ ಅಪ್ಪಣೆಯ ಮೇಲೆ, ಯಾವ ಸ್ಥಾನದಲ್ಲಿ ಕೂತು ಬಾರಿಸಬೇಕೆಂಬ ಕಟ್ಟಳೆ ಕೊರಗರದ್ದಲ್ಲ. ತಮ್ಮದೇ ಸಮಾರಂಭಗಳಲ್ಲಿ ಡೋಲು ಬಾರಿಸುತ್ತ, ಕಂಬಳದ ಕಟ್ಟಳೆಯ ಡೋಲನ್ನು ಒಲ್ಲೆನ್ನುವ ಕೊರಗ ಯುವಕರು ಈ ವ್ಯತ್ಯಾಸವನ್ನು ಯಾವ ಪ್ರಬಂಧಕ್ಕಿಂತಲೂ ಚೆನ್ನಾಗಿ ಬಲ್ಲರು. ತುಳುವಿನ ಕಥನಗೀತೆಗಳಾದ ಪಾಡ್ದನಗಳ ಅಧ್ಯಯನವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಇಂದು ಕರಾವಳಿಯ ಎಲ್ಲ ಜಾತಿಯವರೂ ಹರಕೆ ಹೊರುವ ಕೊರಗಜ್ಜ, ಪಾಡ್ದನದ ಕೊರಗ ತನಿಯ, ದೇವಸ್ಥಾನದ ಒಳಗೆ ಬಿಡದೆ ಹೊರಗೆ ನಿಲ್ಲಿಸಲ್ಪಟ್ಟವನು. ಅಂಥವನನ್ನು ದೈವವೆಂದು ಒಪ್ಪಿದ ಸಮಾಜ ಅವನ ಕುಲದವರನ್ನು ಅಂಗಳದಾಚೆಗೇ ಇಟ್ಟಿತು ಎಂಬ ಸಂಗತಿ ಯಾವ ಕುಟುಂಬ ಸಮೀಕ್ಷೆಯ ಅರ್ಜಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ಆಡಳಿತದ್ದು: ಬಡವರು ಬಡವರೆಂದು ತಿಳಿಯಲು ಸಂಶೋಧನೆ ಏಕೆ, ಇರುವ ಹಣವನ್ನು ನೇರವಾಗಿ ಹಂಚಬಾರದೆ? ಕೊರಗ ಕುಟುಂಬಗಳಿಗೆ ಸರ್ಕಾರ ಅಕ್ಕಿ, ಬೇಳೆ, ಬೆಲ್ಲ, ಮೊಟ್ಟೆ ಇರುವ ಪೌಷ್ಟಿಕ ಆಹಾರ ಕೊಡುತ್ತಿದೆ. ಅದು ಅಗತ್ಯವೂ ಹೌದು, ಪುಣ್ಯದ ಕೆಲಸವೂ ಹೌದು. ಆದರೆ ಜನಸಂಖ್ಯೆ ಕುಗ್ಗುವುದಕ್ಕೆ ಹಸಿವೊಂದೇ ಕಾರಣವೆ, ರಕ್ತಹೀನತೆ, ಮದ್ಯ, ಕ್ಷಯ, ಪೌರಕಾರ್ಮಿಕ ಕೆಲಸದ ಅಪಾಯಗಳು, ಭೂಮಿಯಿಲ್ಲದ ಅಭದ್ರತೆ ಇವುಗಳ ಪಾಲೆಷ್ಟು ಎಂದು ತಿಳಿಯದೆ ಕೊಟ್ಟ ಕಿಟ್ ತಿಂಗಳ ಕೊನೆಗೆ ಮುಗಿಯುತ್ತದೆ, ಕಾರಣ ಉಳಿಯುತ್ತದೆ. ಭಾಷೆಯ ಮಾತೂ ಹೀಗೆಯೇ. ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಕೊರಗ ಭಾಷೆಯ ಮೇಲೆ ಪುಸ್ತಕ ಬರೆದು ಅದರ ರಚನೆಯನ್ನು ವಿವರಿಸಿದ್ದರು. ಮನೆಯಲ್ಲಿ ಒಂದು ಭಾಷೆ, ಊರಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎದುರಿಸುವ ಮಗು ಮೂರನೆಯ ತರಗತಿಗೆ ಶಾಲೆ ಬಿಟ್ಟರೆ ಅದು ಸೋಮಾರಿತನವಲ್ಲ ಎಂದು ಶಿಕ್ಷಣ ಇಲಾಖೆಗೆ ಹೇಳಲು ಬೇಕಾದ ಆಧಾರ ಆಗಲೇ ಸಿದ್ಧವಿತ್ತು.

ಗಡಿಯ ವಿಚಾರ ಚಿಕ್ಕದಾದರೂ ಬಿಡುವಂತಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕೊರಗ ಸಮುದಾಯವೂ ಎರಡಾಗಿ ಹಂಚಿಹೋಯಿತು. 2011ರಲ್ಲಿ ಕೇರಳದಲ್ಲಿದ್ದ ಕೊರಗರು 1,582. ಪೀರ್ ವರದಿಯೂ ಅಜಲು ನಿಷೇಧ ಕಾಯ್ದೆಯೂ ತಲಪಾಡಿಯ ಗಡಿಯಲ್ಲಿ ನಿಲ್ಲುತ್ತವೆ. ನೆಂಟಸ್ತಿಕೆ, ಭಾಷೆ, ಕಷ್ಟಗಳಿಗೆ ಆ ಗಡಿ ಇಲ್ಲ. ಸಮುದಾಯದ ಒಕ್ಕೂಟ ಕರ್ನಾಟಕ ಮತ್ತು ಕೇರಳ ಎರಡನ್ನೂ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ಎರಡೂ ರಾಜ್ಯಗಳ ಕೊರಗರನ್ನು ಒಟ್ಟಾಗಿ ನೋಡುವ ಅಧ್ಯಯನವನ್ನು ಕೈಗೊಳ್ಳಲು ಮಂಗಳೂರಿನಷ್ಟು ಸೂಕ್ತವಾದ ಜಾಗ ಇನ್ನೊಂದಿಲ್ಲ: ಕೊಣಾಜೆಯ ವಿಶ್ವವಿದ್ಯಾನಿಲಯ ಗಡಿಗೆ ಹತ್ತಿರದಲ್ಲಿದೆ, 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ರೋಶನಿ ನಿಲಯ ಊರಿನಲ್ಲೇ ಇದೆ.

ಸಣ್ಣ ಸಮುದಾಯದ ನಿದರ್ಶನದಿಂದ ದೊಡ್ಡ ತೀರ್ಮಾನ ತೆಗೆಯಬಾರದು ಎನ್ನುವವರಿದ್ದಾರೆ. ಹದಿನೈದು ಸಾವಿರ ಜನರಿಗೆ ಹೊಂದುವುದು ಆರು ಕೋಟಿ ಜನರಿಗೆ ಹೊಂದುವುದೆ? ನೀತಿಯ ವಿವರಗಳು ಹೊಂದಲಿಕ್ಕಿಲ್ಲ, ವಿಧಾನ ಹೊಂದುತ್ತದೆ. ಸಮುದಾಯ ಸಣ್ಣದಾದಷ್ಟೂ ಸರಾಸರಿ ಅದನ್ನು ನುಂಗುವುದು ಸುಲಭ, ಮತದ ಲೆಕ್ಕದಲ್ಲಿ ಅದು ಕಾಣದಿರುವುದೂ ಸುಲಭ. ಹಾಗಾಗಿ ಸಂಶೋಧನೆಯ ಅಗತ್ಯ ಅಲ್ಲಿಯೇ ಹೆಚ್ಚು. ಸಂಶೋಧಕ ಪಕ್ಷಪಾತಿಯಾಗುತ್ತಾನೆ ಎಂಬ ಅಳುಕಿಗೂ ಇದೇ ಕಥೆಯಲ್ಲಿ ಉತ್ತರವಿದೆ. ಥರ್ಸ್ಟನ್ ಯಾವ ಪಕ್ಷವನ್ನೂ ವಹಿಸದೆ ಬರೆದಂತೆ ತೋರುತ್ತದೆ, ಆದರೆ ಆ ಮೌನ ಅಂಡೆ ಕಟ್ಟಿಸಿದವರ ಪರವಾಗಿಯೇ ಇತ್ತು. ಪೀರ್ ವರದಿಯ ಶಿಫಾರಸು ಒಂದು ಪಕ್ಷವನ್ನು ವಹಿಸಿದ್ದು ನಿಜ. ಅದು ಎಷ್ಟು ಎಕರೆ, ಯಾರಿಗೆ, ಏಕೆ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಮಾತಿನಲ್ಲಿತ್ತು. ಮೂವತ್ತು ವರ್ಷ ದಾಟಿದರೂ ಆ ಶಿಫಾರಸನ್ನು ತಪ್ಪೆಂದು ಸರ್ಕಾರ ತಳ್ಳಿಹಾಕಿಲ್ಲ. ಸರ್ವೇ ಸರಪಳಿ ಹಿಡಿದು ಜಾಗ ಅಳೆದು, ಕುಟುಂಬಗಳ ಹೆಸರಿಗೆ ಪಹಣಿ ಮಾಡಿಕೊಡುವ ಕೆಲಸವನ್ನು ಕಂದಾಯ ಇಲಾಖೆ ಇನ್ನು ಮುಂದೂಡಬಾರದು.